ಅಕ್ಕ ಬದುಕಿಸಿಟ್ಟ ಭಾಗಮ್ಮ

ನಮ್ಮ ಮನೆಯಲ್ಲಿದ್ದ ಕಾದಂಬರಿಗಳೆಲ್ಲ ಒಣಮೀನಿನ ವಾಸನೆ ಹೊಡೆಯುತ್ತಿದ್ದವು. ಅಜ್ಜಿ ಕಾರ್ಕಳದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು, ಬೇಸಿಗೆಯಲ್ಲಿ ಹಸಿಮೀನು, ಮಳೆಗಾಲದಲ್ಲಿ ಒಣಮೀನು. ಒಣಮೀನು ಕಟ್ಟಿಕೊಡಲು ಕಾಗದ ಬೇಕು. ಅದಕ್ಕಾಗಿ ಉಡುಪಿಯ ರದ್ದಿ ಅಂಗಡಿಯಿಂದ ಹಳೆಯ ಪೇಪರಿನ ಕಟ್ಟುಗಳು ಬರುತ್ತಿದ್ದವು. ಪೇಪರುಗಳ ನಡುವೆ ವಾರಪತ್ರಿಕೆಗಳು ಸಿಕ್ಕಿಹಾಕಿಕೊಂಡಿರುತ್ತಿದ್ದವು, ವಾರಪತ್ರಿಕೆಗಳಲ್ಲಿ ಧಾರಾವಾಹಿಗಳಿರುತ್ತಿದ್ದವು. ಕಟ್ಟು ಬಂದ ದಿನ ಅಕ್ಕ ಜಲಜ ಅದನ್ನು ಚಾವಡಿಯಲ್ಲಿ ಬಿಚ್ಚಿ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಧಾರಾವಾಹಿಯ ಪುಟಗಳನ್ನು ಆರಿಸಿ ತೆಗೆಯುತ್ತಿದ್ದಳು. ಕಂತುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ, ಅಂಚು ಸಮ ಮಾಡಿ, ದಬ್ಬಣದಿಂದ ತೂತು ಕೊರೆದು, ಅಪ್ಪ ಬಲೆ ಹೆಣೆಯುವ ನೈಲಾನ್ ದಾರದಿಂದ ಹೊಲಿಯುತ್ತಿದ್ದಳು. ಗಂಟು ಕೂಡ ಬಲೆಯ ಗಂಟೇ. ಅದು ಎಷ್ಟು ಎಳೆದರೂ ಬಿಚ್ಚುವುದಿಲ್ಲ. ಬೆನ್ನಿಗೆ ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು ಅಂಟಿಗೆ ಒಂದು ಚಿಟಿಕೆ ಮೈಲುತುತ್ತ, ಮೇಲೆ ಹಳೆ ಕ್ಯಾಲೆಂಡರಿನ ರಟ್ಟು. ಏಳನೆಯ ತರಗತಿಗೆ ಶಾಲೆ ಬಿಡಿಸಿದ ಹುಡುಗಿ ಹೀಗೆ ಹತ್ತೊಂಬತ್ತು ವರ್ಷವಾಗುವಷ್ಟರಲ್ಲಿ ಮೂವತ್ತು ನಲವತ್ತು ಕಾದಂಬರಿಗಳ ಯಜಮಾನ್ತಿಯಾಗಿದ್ದಳು. ನಾನು ಅವಳಿಗಿಂತ ಏಳು ವರ್ಷಕ್ಕೆ ಸಣ್ಣವಳು. ಅವಳು ಏನು ಮಾಡಿದರೂ ನನಗೂ ಅದೇ ಆಗಬೇಕಿತ್ತು. ಅವಳು ಬಿಸಾಡಿದ ಪುಟಗಳಿಂದ ನಗೆಹನಿ, ಪದಬಂಧ, ಅಡುಗೆಯ ವಿಧಾನ, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ನಾನೂ ಒಂದು ಪುಸ್ತಕ ಹೊಲಿದೆ. ನನ್ನ ಗಂಟು ಮಾತ್ರ ಮೂರನೆಯ ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ನನ್ನ ಬೆರಳು ಹಿಡಿದು ಮತ್ತೆ ಮತ್ತೆ ಕಲಿಸುತ್ತಿದ್ದಳು. ನನಗೆ ಓದುವ ಹುಚ್ಚು ಹಿಡಿಸಿದವಳೂ ಅವಳು, ಬರೆಯುವ ಹುಚ್ಚಿಗೆ ಕಾರಣಳೂ ಅವಳು. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನೆನಪಿರಲಿ.

ಮನೆ ಇದ್ದದ್ದು ಕಾಪುವಿನ ಕಡಲ ಬದಿಯಲ್ಲಿ, ಹೆದ್ದಾರಿಯಿಂದ ಇಳಿದು ಕಾಲು ಹೂತುಹೋಗುವ ಹೊಯಿಗೆಯ ದಾರಿಯಲ್ಲಿ ಹೋದರೆ ಸಿಗುವ ಹಂಚಿನ ಮನೆಗಳಲ್ಲಿ ಒಂದು. ಮುಂದೆ ಚಾವಡಿ, ಅದರ ಹಿಂದೆ ಅಡುಗೆಕೋಣೆ, ಅಡುಗೆಕೋಣೆಯ ಪಕ್ಕದಲ್ಲಿ ಬಲೆಕೋಣೆ. ಬಲೆಕೋಣೆಗೆ ಒಂದೇ ಕಿಟಕಿ, ಅದೂ ಬಾವಿಯ ಕಡೆಗೆ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಗರಿಯ ಮಡಲು ಮುಚ್ಚಿದ ಮೇಲೆ ಬಲೆಗಳು ಆ ಕೋಣೆ ಸೇರುತ್ತಿದ್ದವು. ಅಪ್ಪ ದಿನವಿಡೀ ಚಾವಡಿಯಲ್ಲಿ ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅಮ್ಮ ಒಳಗಿಂದಲೇ ಉತ್ತರ ಕೊಡುತ್ತಿದ್ದಳು. ಸಂಜೆ ಅಜ್ಜಿ ಕಾರ್ಕಳದಿಂದ ಬರುವ ತನಕ ಮನೆಗೆ ಕಳೆ ಇರಲಿಲ್ಲ. ಅವಳು ಬಂದವಳೇ ಬುಟ್ಟಿಯನ್ನು ಬಾವಿಕಟ್ಟೆಯಲ್ಲಿ ಕವುಚಿ, ಮೀಯಲು ಬಿಸಿನೀರು ಯಾಕೆ ಕಾದಿಲ್ಲ ಎಂದು ಒಂದು ಸುತ್ತು ಬೈದು, ಮಿಂದು ಬಂದು, ಕುಚ್ಚಲಕ್ಕಿ ಗಂಜಿಗೆ ಸುಟ್ಟ ಒಣಬಂಗುಡೆ ನಂಚಿಕೊಂಡು ಉಣ್ಣುತ್ತಿದ್ದಳು. ಉಣ್ಣುತ್ತಲೇ ಆ ದಿನದ ಜಗಳಗಳನ್ನು ವರದಿ ಮಾಡುತ್ತಿದ್ದಳು. ಬಸ್ಸಿನಲ್ಲಿ ಮೀನಿನ ಬುಟ್ಟಿ ಹಿಂದಿನ ಬಾಗಿಲಲ್ಲೇ ಏರಬೇಕು, ಬುಟ್ಟಿಯವರು ಸೀಟಿನಲ್ಲಿ ಕೂರಬಾರದು ಎಂಬುದು ಕಂಡಕ್ಟರುಗಳ ಕಾನೂನು. ಅಜ್ಜಿ ದಿನಾ ಟಿಕೆಟು ತೆಗೆದು ದಿನಾ ಸೀಟಿನಲ್ಲಿ ಕೂತು ದಿನಾ ಜಗಳ ಮಾಡುತ್ತಿದ್ದಳು. ಈ ಜಗಳವೇ ಅವಳಿಗೆ ಊಟಕ್ಕಿಂತ ಹೆಚ್ಚು ರುಚಿ ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಊಟವಾದ ಮೇಲೆ, ದೇವರ ದೀಪ ಆರುವುದರ ಒಳಗೆ, ಓದು. ನಮ್ಮ ಮನೆಯ ಮಾತು ತುಳು. ಅಜ್ಜಿಗೆ ಕಾರ್ಕಳದ ಗಿರಾಕಿಗಳ ಹತ್ತಿರ ಮೀನಿನ ಕ್ರಯ ಹೇಳುವಷ್ಟು ಕನ್ನಡ ಬರುತ್ತಿತ್ತು, ಪುಸ್ತಕದ ಕನ್ನಡ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ಅಕ್ಕ ಕಣ್ಣಲ್ಲಿ ಕನ್ನಡ ಓದಿ ಬಾಯಲ್ಲಿ ತುಳು ಹೇಳುತ್ತಿದ್ದಳು. ಇದು ಎಷ್ಟು ಸಲೀಸಾಗಿ ಸಾಗುತ್ತಿತ್ತೆಂದರೆ, ಆ ಕಾದಂಬರಿಗಳನ್ನೆಲ್ಲ ತುಳುವಿನಲ್ಲೇ ಬರೆದಿದ್ದಾರೆ ಎಂದು ನಾನು ಮೂರನೆಯ ತರಗತಿಯ ತನಕ ನಂಬಿದ್ದೆ. ರದ್ದಿಯಲ್ಲಿ ಎಲ್ಲ ಕಂತುಗಳೂ ಸಿಗುತ್ತಿರಲಿಲ್ಲ. ಐದು ಆದ ಮೇಲೆ ಎಂಟು, ಎಂಟಾದ ಮೇಲೆ ಹದಿಮೂರು. ಕೊನೆಯ ಕಂತು ಸಿಕ್ಕಿದ ಕಾದಂಬರಿ ಒಂದೋ ಎರಡೋ. ಅಕ್ಕ ಇಲ್ಲದ ಕಂತಿನ ಜಾಗದಲ್ಲಿ ಒಂದು ಖಾಲಿ ಹಾಳೆ ಸೇರಿಸಿ ಹೊಲಿಯುತ್ತಿದ್ದಳು, ಯಾವಾಗಲಾದರೂ ಸಿಕ್ಕಿದರೆ ಅಂಟಿಸಬಹುದು ಎಂದು. ಓದುವಾಗ ಮಾತ್ರ ಅವಳು ಆ ಖಾಲಿ ಹಾಳೆಯಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಹಾಳೆಯನ್ನು ನೋಡುತ್ತಾ, ಸಾಲಿನಿಂದ ಸಾಲಿಗೆ ಕಣ್ಣು ಸರಿಸುತ್ತಾ, ಮುಂದಿನ ಕಥೆಯನ್ನು ತಾನೇ ಹೇಳುತ್ತಿದ್ದಳು. ಬದಿಯಲ್ಲಿ ಕುಳಿತ ನನಗೆ ಹಾಳೆ ಖಾಲಿ ಎಂದು ಕಾಣುತ್ತಿತ್ತು. ಅಕ್ಕನಿಗೆ ಅದರಲ್ಲಿ ಅಕ್ಷರ ಕಾಣುತ್ತದೆ, ದೊಡ್ಡವಳಾದರೆ ನನಗೂ ಕಾಣುತ್ತದೆ ಎಂದುಕೊಂಡಿದ್ದೆ.

ಒಂದು ಕಾದಂಬರಿ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಓಡಿತು. ಹೆಸರು ಬೇಡ. ಪಟ್ಟಣದ ಒಂದು ದೊಡ್ಡ ಮನೆ, ಅಣ್ಣತಮ್ಮಂದಿರು, ಒಬ್ಬಳು ಸೊಸೆಯ ಕಷ್ಟ, ಹೀಗೆ. ಅದರಲ್ಲಿ ಭಾಗಮ್ಮ ಎಂಬ ಮುದುಕಿ ಇದ್ದಳು, ಮನೆಯ ಯಜಮಾನನ ಅತ್ತೆ, ಗಂಡ ಇಲ್ಲದವಳು. ಸೊಸೆಯ ಕಷ್ಟ ಅಜ್ಜಿಗೆ ಬೇಕಿರಲಿಲ್ಲ. "ಅವಳು ಅಳುವುದನ್ನು ಬಿಡು, ಭಾಗಮ್ಮ ಎಂತ ಮಾಡಿದಳು ಅದು ಹೇಳು" ಎನ್ನುತ್ತಿದ್ದಳು. ಅಕ್ಕ ಹೇಳುತ್ತಿದ್ದಳು. ಭಾಗಮ್ಮ ತರಕಾರಿ ಮಾರುಕಟ್ಟೆಗೆ ತಾನೇ ಹೋದಳು, ಬದನೆ ಕೊಳೆತದ್ದು ಕೊಟ್ಟವನ ಅಂಗಡಿ ಎದುರು ಅದನ್ನು ಸುರಿದು ಬಂದಳು. ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಹಿಡಿದು ಮೊಮ್ಮಗನಿಂದ ಸಹಿ ಕಲಿತಳು. ಯಾತ್ರೆಗೆಂದು ಹೊರಟವಳು ತಪ್ಪು ಬಸ್ಸು ಹತ್ತಿ, ಇಳಿದ ಊರಿನಲ್ಲೇ ನಾಲ್ಕು ದಿನ ಇದ್ದು, ಅಲ್ಲಿನ ಹೋಟೆಲಿನವನಿಗೆ ಸಾರು ಮಾಡಲು ಕಲಿಸಿ ಬಂದಳು.

"ಆ ಬಸ್ಸು ಕಾರ್ಕಳಕ್ಕೆ ಬರಲಿಕ್ಕುಂಟಾ?" ಎಂದು ಅಜ್ಜಿ ಒಮ್ಮೆ ಕೇಳಿದಳು.

"ಗೊತ್ತಿಲ್ಲ ಅಜ್ಜಿ, ಮುಂದಿನ ವಾರದ್ದರಲ್ಲಿ ನೋಡಬೇಕು" ಎಂದಳು ಅಕ್ಕ, ಮುಖದಲ್ಲಿ ಒಂದು ಗೆರೆ ಅಲುಗದೆ.

"ಬಂದರೆ ಹೇಳು. ಒಳ್ಳೆ ಮಾಂಜಿ ತೆಗೆದಿಡ್ತೇನೆ ಅವಳಿಗೆ."

"ಅವಳು ಮೀನು ತಿನ್ನುವುದಿಲ್ಲ, ಅವರು ಬ್ರಾಹ್ಮಣರು."

"ಪಾಪ" ಎಂದಳು ಅಜ್ಜಿ, ನಿಜವಾದ ಮರುಕದಿಂದ.

ಅಷ್ಟರಲ್ಲಿ ಅಜ್ಜಿಯ ಮಂಡಿ ಕೆಡತೊಡಗಿತ್ತು. ಅವಳ ಪ್ರಾಯ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ, ಎಪ್ಪತ್ತರ ಹತ್ತಿರ ಎಂದು ಅಪ್ಪನ ಅಂದಾಜು. ಒಂದು ದಿನ ಬಸ್ಸಿನ ಮೆಟ್ಟಿಲಿನಲ್ಲಿ ಕಾಲು ಜಾರಿ ಬುಟ್ಟಿಯೊಂದಿಗೆ ಕೆಳಗೆ ಬಿದ್ದಳು. ಮೊಣಕೈ ತರಚಿತ್ತು. ಅವಳು ಅದನ್ನು ಹೇಳಲೇ ಇಲ್ಲ, ಒಣಮೀನು ಚರಂಡಿಗೆ ಹೋಯಿತು ಎಂದು ಮಾತ್ರ ಹೇಳಿ ಕಂಡಕ್ಟರನ ಏಳು ತಲೆಮಾರಿಗೆ ಬೈದಳು. ಆ ಸಂಜೆ ಅಪ್ಪ ಸೂಜಿ ಕೆಳಗಿಟ್ಟು ಮಾತು ತೆಗೆದ.

"ಇನ್ನು ಸಾಕು ಅಮ್ಮ. ಮನೆಯಲ್ಲಿ ಕೂತುಕೊ. ಜನ ನನಗೆ ಹೇಳುವುದು, ಮುದುಕಿಯನ್ನು ದುಡಿಸಿ ತಿನ್ನುತ್ತಾನೆ ಅಂತ."

"ಜನ ಎಂತ ಬೇಕಾದರೂ ಹೇಳಲಿ. ಕೂತರೆ ನಾನು ಏಳುವುದಿಲ್ಲ."

"ಈ ಪ್ರಾಯದಲ್ಲಿ ಯಾರಾದರೂ ಹೋಗ್ತಾರಾ ಹೀಗೆ?"

"ಭಾಗಮ್ಮ ಹೋಗ್ತಾಳೆ" ಎಂದಳು ಅಜ್ಜಿ. "ಪೇಪರಿನಲ್ಲೇ ಬರೆದಿದ್ದಾರೆ. ಜಲಜ, ಹೇಳು ಇವನಿಗೆ."

ಅಪ್ಪ ಅಕ್ಕನ ಮುಖ ನೋಡಿದ. ಅಕ್ಕ ತಲೆ ತಗ್ಗಿಸಿ, ಹೌದು, ಹೋಗ್ತಾಳೆ ಎಂದಳು. ಅಪ್ಪನಿಗೆ ಓದು ಬಾರದು. ಅಚ್ಚಾದ ಕಾಗದದ ಮುಂದೆ ಅವನ ವಾದ ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಬುಟ್ಟಿಯ ಅಂಚನ್ನು ಹಣೆಗೆ ಮುಟ್ಟಿಸಿ, ಎಂದಿನಂತೆ ತಲೆಗೇರಿಸಿ ಹೊರಟಳು. ಆ ಮಳೆಗಾಲದಲ್ಲಿ ಅವಳನ್ನು ಕಾರ್ಕಳಕ್ಕೆ ಹೊರಡಿಸಿದ್ದು ಭಾಗಮ್ಮನೇ. ಅವಳ ಎರಡು ಕಾಲುಗಳಿಂದ ಮಾತ್ರ ಅದು ಆಗುತ್ತಿರಲಿಲ್ಲ. ಇದು ನನಗೆ ಈಗ ಅರ್ಥವಾಗುತ್ತದೆ. ಆಗ ನನಗೆ ಅರ್ಥವಾದದ್ದು ಒಂದೇ ವಿಷಯ: ಮನೆಯಲ್ಲಿ ಎಲ್ಲರೂ ಅಕ್ಕನ ಬಾಯಿಯನ್ನೇ ನೋಡುತ್ತಾರೆ. ಶಾಲೆಗೆ ಹೋಗುವವಳು ನಾನು, ಕನ್ನಡದಲ್ಲಿ ತರಗತಿಗೇ ಮೊದಲು ಬರುವವಳು ನಾನು, ಆದರೆ ಓದು ಎಂದರೆ ಜಲಜ. ಒಂದೆರಡು ಸಲ ನಾನು ಓದುತ್ತೇನೆ ಎಂದು ಪುಸ್ತಕ ಎಳೆದುಕೊಂಡದ್ದುಂಟು. ಅಜ್ಜಿ ಎರಡು ಸಾಲು ಕೇಳಿ, "ನಿನಗೆ ಬರುವುದಿಲ್ಲ ಮಗಾ, ಅವಳಿಗೆ ಕೊಡು" ಎಂದಿದ್ದಳು. ನಾನು ಪುಸ್ತಕವನ್ನು ಅಕ್ಕನ ಮಡಿಲಿಗೆ ಎಸೆದು ಎದ್ದುಹೋಗಿದ್ದೆ.

ನನ್ನ ಶಾಲೆಯ ಕನ್ನಡ ಟೀಚರ ಮನೆ ಕಟಪಾಡಿಯಲ್ಲಿತ್ತು. ಒಂದು ಶನಿವಾರ, ತಿದ್ದಿದ ಪುಸ್ತಕಗಳನ್ನು ಹೊತ್ತು ತರಲು ನನ್ನನ್ನು ಕರೆದುಕೊಂಡು ಹೋಗಿದ್ದರು. ಅವರ ಕಪಾಟಿನಲ್ಲಿ ನಮ್ಮ ಕಾದಂಬರಿ ಇತ್ತು. ಅಂಗಡಿಯಲ್ಲಿ ಮಾರುವ ಪುಸ್ತಕ, ಇಡಿಯಾಗಿ, ಒಂದು ಕಂತೂ ಬಿಡದೆ. ಬೇಡಿ ತಂದೆ. ಮನೆಗೆ ತರದೆ, ದೋಣಿಯ ಮರೆಯಲ್ಲಿ ಮಡಲಿನ ಕೆಳಗೆ ಕೂತು ಎರಡು ದಿನದಲ್ಲಿ ಮುಗಿಸಿದೆ. ಭಾಗಮ್ಮ ಮಾರುಕಟ್ಟೆಗೆ ಹೋಗಿರಲೇ ಇಲ್ಲ. ಸಹಿ ಕಲಿತಿರಲಿಲ್ಲ. ತಪ್ಪು ಬಸ್ಸೂ ಇಲ್ಲ, ಸಾರೂ ಇಲ್ಲ. ಅವಳು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕೆಮ್ಮುತ್ತಾ, ಜಪಮಣಿ ಎಣಿಸುತ್ತಾ, ಸೊಸೆ ಬಂದಾಗ ಅವಳ ತಲೆ ಸವರುತ್ತಾ ಇದ್ದು, ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ ಸತ್ತುಹೋದಳು. ಪುಸ್ತಕ ಮುಗಿಯಲು ಇನ್ನೂ ಅರ್ಧ ಬಾಕಿ ಇತ್ತು. ನಮ್ಮಲ್ಲಿದ್ದ ಕಂತುಗಳಲ್ಲೂ ಅಲ್ಲಲ್ಲಿ ಈ ಕೆಮ್ಮು ಇತ್ತು ಎಂಬುದು ಆಮೇಲೆ ತೆರೆದು ನೋಡಿದಾಗ ತಿಳಿಯಿತು. ಅಕ್ಕ ಖಾಲಿ ಹಾಳೆಗಳನ್ನು ತುಂಬಿದ್ದು ಮಾತ್ರವಲ್ಲ, ಅಚ್ಚಾದ ಹಾಳೆಗಳನ್ನೂ ಬದಲಿಸಿದ್ದಳು. ನನಗೆ ದುಃಖವಾಗಲಿಲ್ಲ. ಕಳ್ಳನನ್ನು ಹಿಡಿದಷ್ಟು ಸಂತೋಷವಾಯಿತು. ಈ ಮಾತನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಆ ಸಂಜೆ ಊಟವಾಗಿ ಅಕ್ಕ ಪುಸ್ತಕ ತೆಗೆಯುವ ಮೊದಲೇ ನಾನು ಚೀಲದಿಂದ ಟೀಚರ ಪುಸ್ತಕ ತೆಗೆದೆ.

"ಇದರಲ್ಲಿ ಪೂರ್ತಿ ಉಂಟು" ಎಂದೆ. "ಅಕ್ಕನ ಹತ್ತಿರ ಇರುವುದು ತುಂಡು. ಇವತ್ತು ನಾನು ಓದುತ್ತೇನೆ."

ಅಕ್ಕ ರಟ್ಟು ನೋಡಿದಳು. ಅವಳಿಗೆ ಆ ಕ್ಷಣವೇ ತಿಳಿಯಿತು. ನನ್ನ ಕೈ ಹಿಡಿದು, ಬೇರೆ ಯಾರಿಗೂ ಕೇಳದ ಹಾಗೆ, "ಬೇಡ" ಎಂದಳು. ಯಾಕೆ ಎಂದು ವಿವರಿಸಿದ್ದರೆ ನಾನು ಬಿಡುತ್ತಿದ್ದೆನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಿಡುತ್ತಿರಲಿಲ್ಲ.

"ಓದಲಿ ಮಾರಾಯ್ತಿ" ಎಂದಳು ಅಜ್ಜಿ. "ಅದಕ್ಕೂ ಆಸೆ ಉಂಟು. ಭಾಗಮ್ಮ ಇರುವ ಕಡೆ ಓದು ಮಗಾ."

ಓದಿದೆ. ಮೊದಲು ಕನ್ನಡದಲ್ಲಿ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ. ಆಮೇಲೆ ಒಂದೊಂದೇ ಸಾಲನ್ನು ತುಳುವಿಗೆ ಮಾಡಿ ಹೇಳಿದೆ, ಏನೂ ಬಿಡದೆ, ಏನೂ ಸೇರಿಸದೆ. ಹಿಂದಿನ ಕೋಣೆ. ಕೆಮ್ಮು. ಮದುವೆ. ಬಾಗಿಲು ತೆರೆದಾಗ ತಣ್ಣಗಾಗಿದ್ದ ಮೈ. ಅಪ್ಪ ಬಲೆಯಿಂದ ತಲೆ ಎತ್ತಿದ್ದ. ಅಕ್ಕ ಎದ್ದುಹೋಗಿ ಅಡುಗೆಕೋಣೆಯ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಳು. ನಾನು ಪುಟ ಮುಗಿಸಿ ಅಜ್ಜಿಯ ಮುಖ ನೋಡಿದೆ, ಶಹಬ್ಬಾಸ್ ಅನ್ನಬಹುದು ಎಂದು.

"ಹಾಗಾದರೆ ಮಾರುಕಟ್ಟೆಗೆ ಹೋದದ್ದು?" ಎಂದು ಕೇಳಿದಳು ಅಜ್ಜಿ.

"ಅದು ಅಕ್ಕ ಸೇರಿಸಿದ್ದು. ಪುಸ್ತಕದಲ್ಲಿ ಇಲ್ಲ."

"ಬಸ್ಸು?"

"ಅದೂ ಇಲ್ಲ."

ಅಜ್ಜಿ ಸ್ವಲ್ಪ ಹೊತ್ತು ಎಲೆಯಡಿಕೆ ತಟ್ಟೆಯಲ್ಲಿ ಏನನ್ನೋ ಹುಡುಕಿದಳು.

"ಪ್ರಾಯ ಎಷ್ಟು ಬರೆದಿದ್ದಾರೆ ಅವಳಿಗೆ?"

ನಾನು ಪುಟ ತಿರುವಿ ನೋಡಿದೆ. "ಅರವತ್ತೆರಡು."

"ನನಗಿಂತ ಸಣ್ಣವಳು" ಎಂದಳು ಅಜ್ಜಿ.

ಅವಳು ಅಕ್ಕನಿಗೆ ಬೈಯಲಿಲ್ಲ, ನನಗೂ ಏನೂ ಅನ್ನಲಿಲ್ಲ. ಮರುದಿನ ಕಾರ್ಕಳಕ್ಕೆ ಹೋದಳು. ಅದರ ಮರುದಿನವೂ ಹೋದಳು. ಸಂಜೆ ಜಗಳದ ವರದಿ ಇರಲಿಲ್ಲ. ಸೀಟಿನಲ್ಲಿ ಕೂತೆಯಾ ಎಂದು ಅಪ್ಪ ಕೇಳಿದರೆ, "ಇಲ್ಲ, ಕೆಳಗೆ ಕೂತೆ, ಯಾರ ಹತ್ತಿರ ಮಾತಾಡುವುದು" ಎಂದಳು. ಎರಡನೆಯ ವಾರ ಬುಟ್ಟಿಯನ್ನು ಪಕ್ಕದ ಮನೆಯ ಹೆಂಗಸಿಗೆ ಕೊಟ್ಟು ಬಂದಳು. ಅಪ್ಪನಿಗೆ ಸಮಾಧಾನವಾಯಿತು. ಅವನು ಕೊನೆಯವರೆಗೂ ಹೇಳುತ್ತಿದ್ದದ್ದು ಮಂಡಿಯ ಕಾರಣವನ್ನೇ. ಇರಬಹುದು. ಮಂಡಿ ಕೆಟ್ಟದ್ದು ಸುಳ್ಳಲ್ಲ. ಆದರೆ ನಾನು ಆ ಮನೆಯಲ್ಲೇ ಇದ್ದೆ, ನೋಡುತ್ತಿದ್ದೆ. ಅಜ್ಜಿ ಮುದುಕಿಯಾಗುವುದನ್ನು ಕಲಿತಳು, ನಾನು ಪಾಠ ಕಲಿಯುವ ಹಾಗೆ, ಒಂದೊಂದಾಗಿ. ಚಾಪೆಯನ್ನು ಚಾವಡಿಯಿಂದ ಬಲೆಕೋಣೆಗೆ ತಾನೇ ತೆಗೆದುಕೊಂಡು ಹೋದಳು. ಬಿಸಿನೀರು ಕಾಯದಿದ್ದರೆ ತಣ್ಣೀರಿನಲ್ಲಿ ಮಿಂದಳು. ಮೀನಿನ ತಲೆ ತನಗೇ ಬೇಕು ಎಂದು ಅಮ್ಮನ ಹತ್ತಿರ ಜಗಳ ಮಾಡುತ್ತಿದ್ದವಳು, ಮಕ್ಕಳಿಗೆ ಹಾಕು ಎನ್ನತೊಡಗಿದಳು. ನಾನು ಹತ್ತಿರ ಹೋದರೆ ತಲೆ ಸವರುತ್ತಿದ್ದಳು. ಅದಕ್ಕೆ ಮೊದಲು ಅವಳು ಯಾರ ತಲೆಯನ್ನೂ ಸವರಿದವಳಲ್ಲ. ಪುಸ್ತಕದಲ್ಲಿದ್ದ ಕೆಲಸಗಳನ್ನೆಲ್ಲ ಚೊಕ್ಕವಾಗಿ ಮುಗಿಸಿ, ಆ ಸಂಜೆಯಿಂದ ಎರಡನೆಯ ಮಳೆಗಾಲದಲ್ಲಿ ಸತ್ತಳು. ನಾವು ಮದುವೆಗೆ ಹೋಗಿರಲಿಲ್ಲ, ಎಲ್ಲರೂ ಮನೆಯಲ್ಲೇ ಇದ್ದೆವು. ಆದರೂ ಅವಳು ಯಾರನ್ನೂ ಕರೆಯಲಿಲ್ಲ.

ಅಕ್ಕ ಆ ಸಂಜೆಯ ನಂತರ ಓದಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ತಲೆ ಬಾಚಿದಳು, ಬಟ್ಟೆ ಒಗೆದಳು, ನನಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಅಜ್ಜಿ ಹೋದ ಮೇಲೆ ಅಮ್ಮ ಬೇರೆ ಬುಟ್ಟಿ ಕೊಂಡು ಒಣಮೀನಿನ ವ್ಯಾಪಾರಕ್ಕೆ ಇಳಿದಿದ್ದಳು. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅಕ್ಕ ಚಾವಡಿಯಲ್ಲಿ ತನ್ನ ಪುಸ್ತಕಗಳನ್ನೆಲ್ಲ ಸುತ್ತ ಹರಡಿಕೊಂಡು ಕೂತಿದ್ದಳು. ಬ್ಲೇಡಿನಿಂದ ಬಲೆಯ ಗಂಟುಗಳನ್ನು ಒಂದೊಂದಾಗಿ ಕೊಯ್ದು, ದಾರ ಎಳೆದು ತೆಗೆದು, ಪುಟಗಳನ್ನು ಬಿಡಿಸಿ ಕಟ್ಟುವ ಕಾಗದದ ರಾಶಿಗೆ ಹಾಕುತ್ತಿದ್ದಳು. ನಾನು ಪುಸ್ತಕ ಕಿತ್ತುಕೊಳ್ಳಲು ಹೋದೆ.

"ಬಿಡು" ಎಂದಳು. "ಅಮ್ಮನಿಗೆ ಕಾಗದ ಸಾಕಾಗುವುದಿಲ್ಲ."

"ನನಗೆ ಕೊಡು, ನಾನು ಇಟ್ಟುಕೊಳ್ಳುತ್ತೇನೆ."

"ನಿನಗೆ ಪೂರ್ತಿ ಪುಸ್ತಕ ಸಿಗ್ತದೆ ಅಲ್ವಾ. ಈ ತುಂಡು ಯಾಕೆ?"

ಅವಳು ಅದನ್ನು ಕುಹಕದಿಂದ ಹೇಳಲಿಲ್ಲ. ನನಗೆ ಒಳ್ಳೆಯದು ಸಿಗಲಿ ಎಂದೇ ಹೇಳಿದಳು. ನಲವತ್ತು ಕಾದಂಬರಿಗಳು ಆ ಮಳೆಗಾಲ ಕಾರ್ಕಳದ ಮನೆಮನೆಗೆ ಒಣಮೀನು ಸುತ್ತಿಕೊಂಡು ಹೋದವು, ಖಾಲಿ ಹಾಳೆಗಳೂ ಸೇರಿ. ಮುಂದಿನ ವರ್ಷ ಅಕ್ಕನಿಗೆ ಉಚ್ಚಿಲಕ್ಕೆ ಮದುವೆಯಾಯಿತು.

ನಾನು ಕನ್ನಡ ಓದಿ, ಉಡುಪಿಯ ಒಂದು ಶಾಲೆಯಲ್ಲಿ ಟೀಚರಾಗಿ, ಕಥೆ ಬರೆಯುವವಳಾದೆ. ನನ್ನ ಕಥೆಗಳಲ್ಲಿ ಮುದುಕಿಯರು ಜಾಸ್ತಿ. ಅವರನ್ನು ನಾನು ಚೆನ್ನಾಗಿ ಬರೆಯುತ್ತೇನೆ ಎಂದು ಓದುಗರು ಹೇಳುತ್ತಾರೆ. ಹೋದ ವರ್ಷ ಮಣಿಪಾಲದಲ್ಲಿ ಒಂದು ಸಭೆಗೆ ಕರೆದು, ಕಥೆಗಳಲ್ಲಿ ಮುಪ್ಪು ಹೇಗೆ ಬರುತ್ತದೆ ಎಂಬ ವಿಷಯದ ಮೇಲೆ ಮಾತಾಡಿಸಿದರು. ಏಸಿ ಹಾಕಿದ ಸಭಾಂಗಣದಲ್ಲಿ ನಿಂತು ನಾನು ಒಳ್ಳೊಳ್ಳೆಯ ಮಾತು ಹೇಳಿದೆ. ನಮ್ಮ ಕಥೆಗಳಲ್ಲಿ ಮುದುಕರಿಗೆ ಆಸೆಗಳೇ ಇರುವುದಿಲ್ಲ, ಅವರಿಗೆ ಒಂದು ಕಿಟಕಿ, ಒಂದು ಕೆಮ್ಮು ಮತ್ತು ಬೇಕಾದಷ್ಟು ನೆನಪು ಕೊಟ್ಟು ಕೂರಿಸುತ್ತೇವೆ, ಕಿರಿಯರಿಗೆ ಬುದ್ಧಿ ಬರಲಿ ಎಂದು ಅವರನ್ನು ಸರಿಯಾದ ಸಮಯಕ್ಕೆ ಸಾಯಿಸುತ್ತೇವೆ ಎಂದೆ. ಚಪ್ಪಾಳೆ ಬಿತ್ತು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬಲೆದಾರದಲ್ಲಿ ಹೊಲಿದ ಪುಸ್ತಕ ಹಿಡಿದುಕೊಂಡು ಇದನ್ನೆಲ್ಲ ಎಂದೋ ತಿದ್ದಿದ್ದಳು ಎಂಬುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಮುಂದಿನದ್ದನ್ನೂ ಹೇಳಬೇಕಾಗುತ್ತಿತ್ತು.

ಅಕ್ಕ ಈಗ ಕಟಪಾಡಿಯಲ್ಲಿ ಮಗಳು ಶ್ವೇತಾಳ ಮನೆಯಲ್ಲಿದ್ದಾಳೆ. ಭಾವ ತೀರಿಹೋಗಿ ಕೆಲವು ವರ್ಷವಾಯಿತು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿಂದಿದೆ, ಬೆಳಕು ಮತ್ತು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಿದ್ದೂ ಅವಳು ದಿನಾ ಬೆಳಿಗ್ಗೆ ಗೋಡೆ, ಗೇಟು, ಅಂಗಡಿಗಳ ಕಂಬ ಹಿಡಿದುಕೊಂಡು ಜಂಕ್ಷನ್ನಿನ ಬದಿಯಲ್ಲಿ ಕೂರುವ ಮೀನಿನವರ ಹತ್ತಿರ ಹೋಗುತ್ತಿದ್ದಳು. ಶ್ವೇತಾ ತಂದ ಮೀನು ಅವಳಿಗೆ ಆಗುತ್ತಿರಲಿಲ್ಲ. ಬಂಗುಡೆಯ ಕಿವಿರು ಎತ್ತಿ ಬೆರಳಾಡಿಸಿ, ಹೊಟ್ಟೆ ಒತ್ತಿ, ಇದು ನಿನ್ನೆಯದ್ದು ಎಂದು ಮೀನಿನವಳ ಮುಖಕ್ಕೇ ಹೇಳಿ, ಕ್ರಯಕ್ಕೆ ಜಗಳ ಮಾಡಿ, ಗೆದ್ದು ಬರುತ್ತಿದ್ದಳು. ನಾನು ಒಂದೆರಡು ಸಲ ಜೊತೆಗೆ ಹೋಗಿ ನೋಡಿದ್ದೆ. ನೋಡಿದವಳು ಸುಮ್ಮನಿರಬೇಕಿತ್ತು. ಮನೆಗೆ ಬಂದು ಕಥೆ ಬರೆದೆ. ಕಣ್ಣು ಕಾಣದ ಒಬ್ಬಳು ಅಕ್ಕ, ಅವಳನ್ನು ನೋಡಲು ಬರುವ ತಂಗಿ, ಬಂಗುಡೆ, ಕಿವಿರು. ಬರವಣಿಗೆ ಚೆನ್ನಾಗಿ ಓಡಿತು, ಆದರೆ ಕೊನೆ ಸಿಗಲಿಲ್ಲ. ಒಂದು ವಾರ ಒದ್ದಾಡಿ ಅವಳನ್ನು ಸಾಯಿಸಿದೆ. ಒಂದು ಬೆಳಿಗ್ಗೆ ಮೀನಿಗೆಂದು ಹೊರಟವಳು ಗೇಟಿನಲ್ಲೇ ಕುಸಿಯುತ್ತಾಳೆ, ತಂಗಿಗೆ ಬದುಕು ಏನೆಂದು ತಿಳಿಯುತ್ತದೆ. ಕಥೆಗೆ ಅದು ಒಪ್ಪಿತು. ಒಂದು ಪತ್ರಿಕೆಯ ವಿಶೇಷಾಂಕದಲ್ಲಿ ಅಚ್ಚಾಯಿತು. ಅಕ್ಕನಿಗೆ ಕಾಣುವುದಿಲ್ಲವಲ್ಲ, ತಿಳಿಯುವುದಿಲ್ಲ ಎಂದುಕೊಂಡೆ. ಮಣಿಪಾಲದಲ್ಲಿ ಅಷ್ಟೆಲ್ಲ ಮಾತಾಡಿ ಆರು ತಿಂಗಳಾಗಿರಲಿಲ್ಲ.

ವಿಶೇಷಾಂಕ ಬಂದ ಎರಡು ವಾರಕ್ಕೆ, ಒಂದು ಭಾನುವಾರ, ಕಟಪಾಡಿಗೆ ಹೋದೆ. ಹನ್ನೊಂದು ಗಂಟೆ. ಆ ಹೊತ್ತಿಗೆ ಅಕ್ಕ ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಮೀನು ಕೊಯ್ಯುವುದು ಹೇಗೆಂದು ಶ್ವೇತಾಳಿಗೆ ಪಾಠ ಮಾಡುತ್ತಿರುತ್ತಾಳೆ. ಆ ದಿನ ಮಲಗಿದ್ದಳು.

"ಚಿಕ್ಕಮ್ಮ, ನಿಮ್ಮ ಕಥೆ ಬಂದದ್ದು ಹೇಳಲೇ ಇಲ್ಲ ನೀವು" ಎಂದಳು ಶ್ವೇತಾ, ಹೆಮ್ಮೆಯಿಂದ. "ನಮ್ಮ ಆಫೀಸಿನವರು ತೋರಿಸಿದರು. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅಮ್ಮನ ಹಾಗೆಯೇ ಉಂಟು ಅದರಲ್ಲಿ."

ಅವಳು ಚಹಾಕ್ಕೆ ಇಡಲು ಒಳಗೆ ಹೋದಳು. ನಾನು ಮಂಚದ ಅಂಚಿನಲ್ಲಿ ಕೂತೆ. ಅಕ್ಕ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಚಂದ ಬರೆದಿದ್ದಿ" ಎಂದಳು. "ನಾನು ಬೀಳುವುದು ಓದುವಾಗ ಇವಳಿಗೆ ಅಳು ಬಂತು."

"ಅಕ್ಕ, ಅದು ನೀನಲ್ಲ. ಕಥೆ ಅದು."

"ಕಣ್ಣು ನನ್ನದು. ಗೇಟು ನಮ್ಮದು. ಬಂಗುಡೆ ಒತ್ತಿ ನೋಡುವುದು ನಾನು. ಸಾಯುವುದು ಮಾತ್ರ ಬೇರೆಯವಳಾ?"

ಅವಳ ಕೈ ಹಿಡಿದುಕೊಂಡೆ. ಬೆರಳುಗಳ ತುದಿ ಒರಟಾಗಿತ್ತು. ಎರಡು ವಾರದಿಂದ ಜಂಕ್ಷನ್ನಿಗೆ ಹೋಗಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದಳು. ಹೆದರಿಕೆಯಾ ಎಂದು ಕೇಳಿದೆ. ಹೆದರಿಕೆ ಎಂತದ್ದು, ಹೋಗಬೇಕು ಅಂತ ಆಗುವುದಿಲ್ಲ ಎಂದಳು. ನಾನು ಅವಸರವಸರವಾಗಿ ಮಾತಾಡಿದೆ. ಆ ಕಥೆಯ ಕೊನೆ ತಪ್ಪು, ನನಗೂ ಅನ್ನಿಸಿತ್ತು, ಪುಸ್ತಕಕ್ಕೆ ಸೇರಿಸುವಾಗ ಬದಲಿಸುತ್ತೇನೆ, ಅವಳು ಬೀಳುವುದಿಲ್ಲ, ಮೀನು ತಂದು ಸಾರು ಮಾಡುತ್ತಾಳೆ, ಹೇಗೆ ಬೇಕೋ ನೀನೇ ಹೇಳು, ನೀನು ಹೇಳಿದ ಹಾಗೆಯೇ ಬರೆಯುತ್ತೇನೆ ಎಂದೆ. ನಾನು ಅಳುತ್ತಿದ್ದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಒಂದು ಕಾಲದಲ್ಲಿ ಯಾವ ಕಥೆಯನ್ನಾದರೂ ಎಲ್ಲಿಂದ ಎಲ್ಲಿಗಾದರೂ ತಿರುಗಿಸಬಲ್ಲ ಆ ಮುಖವನ್ನು ನಾನು ಕಾದು ನೋಡಿದೆ.

"ಬೇಡ ಬಿಡು" ಎಂದಳು. "ಅಚ್ಚಾಗಿ ಆಯ್ತಲ್ಲ."

ಹೊರಗೆ ಮನೆಯ ಎದುರಿನ ರಸ್ತೆಯಲ್ಲಿ ಟೆಂಪೋದ ಹಾರ್ನು ಕೇಳಿಸಿತು. ಶ್ವೇತಾ ಅಡುಗೆಮನೆಯಿಂದ ಕೂಗಿ ಕೇಳಿದಳು.

"ಅಮ್ಮ, ಮೀನಿನ ಗಾಡಿ ಬಂತು. ಎಂತ ತೆಗೆದುಕೊಳ್ಳಲಿ?"

ಅಕ್ಕ ನನ್ನ ಕೈಯಿಂದ ಕೈ ಬಿಡಿಸಿಕೊಂಡು ಹೊದಿಕೆ ಎಳೆದುಕೊಂಡಳು.

"ಯಾವುದಾದರೂ ಆಗ್ತದೆ" ಎಂದಳು.